ಹೆಸರು ಒಂದೇ, ಬಲ ಬೇರೆ



ಹಡಗಲಿ ಮಲ್ಲಿಗೆಯನ್ನು ನೀವು ಮೊಳದ ಲೆಕ್ಕದಲ್ಲಿ ಕೊಂಡಿರಬಹುದು. ಮೊಳ ಎಂಬ ಮಾತು ಒಂದೇ ಆದರೂ ಸಿಗುವ ಹೂವು ಅಳೆಯುವ ಕೈಯ ಉದ್ದವನ್ನು ಅವಲಂಬಿಸಿರುತ್ತದೆ. ಅಲ್ಲಿ ಅಳತೆ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ಅಳೆಯುವ ಕೈ ನಮಗೆ ಕಾಣುವುದಿಲ್ಲ.

ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ಒಂದು ರೈತ ಕುಟುಂಬವನ್ನು ಊಹಿಸಿಕೊಳ್ಳಿ. ಇಂಜಿನಿಯರಿಂಗ್ ಓದುವ ಮಗಳಿಗೆ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಬೇಕು. ಬೆಳೆ ಮಾರಿದ ಹಣದಲ್ಲಿ ಮನೆಯವರು ಮೊಬೈಲಿನಲ್ಲೇ ನೋಡಿ ತರಿಸುತ್ತಾರೆ. ಅವರಿಗೆ ಆಧಾರವೆಂದರೆ ಮಾರಾಟದ ಪುಟದಲ್ಲಿರುವ ನಾಲ್ಕು ಸಾಲಿನ ವಿವರ ಮಾತ್ರ. ಆ ವಿವರವನ್ನು ಓದುವುದು ಹೇಗೆ?

ಮೊದಲನೆಯದು, ಹೆಸರು. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಮೇಜಿನ ಕಂಪ್ಯೂಟರಿನಲ್ಲಿ 16,384 ಕೋರ್‌ಗಳನ್ನೂ 24 ಜಿ.ಬಿ. ಮೆಮೊರಿಯನ್ನೂ ಹೊಂದಿದ್ದು, 450 ವ್ಯಾಟ್ ವಿದ್ಯುತ್ ಬಳಸುತ್ತದೆ. ಅದೇ ಸಂಖ್ಯೆಯ ಲ್ಯಾಪ್‌ಟಾಪ್ ಮಾದರಿಯಲ್ಲಿರುವುದು 9,728 ಕೋರ್ ಮತ್ತು 16 ಜಿ.ಬಿ. ಮೆಮೊರಿ. ಕಂಪನಿ ಇಟ್ಟ ಹೆಸರಿನಲ್ಲಿ ‘ಲ್ಯಾಪ್‌ಟಾಪ್ ಜಿಪಿಯು’ ಎಂಬ ಮಾತಿದೆ. ಮಾರಾಟದ ಪುಟದಲ್ಲಿ ಎಷ್ಟೋ ಸಲ ಆ ಮಾತೇ ಬಿಟ್ಟುಹೋಗಿರುತ್ತದೆ.

ಎರಡನೆಯದು, ವ್ಯಾಟ್. ಚಿಪ್ಪಿಗೆ ಹೆಚ್ಚು ವಿದ್ಯುತ್ ಕೊಟ್ಟಷ್ಟೂ ಅದು ವೇಗವಾಗಿ ದುಡಿಯುತ್ತದೆ, ಬಿಸಿಯೂ ಆಗುತ್ತದೆ. ತೆಳುವಾದ ಯಂತ್ರದಿಂದ ಆ ಬಿಸಿಯನ್ನು ಹೊರಹಾಕುವುದು ಕಷ್ಟ. ಆದ್ದರಿಂದ ತಯಾರಕರು ವಿದ್ಯುತ್ತಿಗೇ ಮಿತಿ ಹಾಕುತ್ತಾರೆ. ಆರ್‌ಟಿಎಕ್ಸ್ 4060ರ ಲ್ಯಾಪ್‌ಟಾಪ್ ಮಾದರಿಗೆ ಈ ಮಿತಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಾದರೂ ಇರಬಹುದು. ಹೆಸರೂ ಮೆಮೊರಿಯೂ ಒಂದೇ ಆಗಿರುವ ಎರಡು ಯಂತ್ರಗಳಲ್ಲಿ ಒಂದು ಓಡುತ್ತದೆ, ಇನ್ನೊಂದು ಏದುಸಿರು ಬಿಡುತ್ತದೆ. ತಯಾರಕರು ಈ ಅಂಕಿಯನ್ನು ಪ್ರಕಟಿಸಬೇಕೆಂದು ಎನ್ವಿಡಿಯಾ 2021ರಲ್ಲಿ ತಿಳಿಸಿತು. ಆದರೂ ಮಾರಾಟದ ಪುಟದಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಮೂರನೆಯದು, ಮೆಮೊರಿ. ಪ್ರತ್ಯೇಕ ಕಾರ್ಡೇ ಇಲ್ಲದ ಯಂತ್ರಕ್ಕೂ ‘8 ಜಿ.ಬಿ.ವರೆಗೆ ಗ್ರಾಫಿಕ್ಸ್ ಮೆಮೊರಿ’ ಎಂದು ಬರೆಯಬಹುದು. ಅದು ಕಂಪ್ಯೂಟರಿನ ಸ್ವಂತ ರ‍್ಯಾಮ್‌ನಿಂದ ತೆಗೆದುಕೊಂಡ ಪಾಲು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಡೆಡಿಕೇಟೆಡ್’ ಮತ್ತು ‘ಶೇರ್ಡ್’ ಎಂದು ಇವೆರಡನ್ನೂ ಬೇರೆ ಬೇರೆಯಾಗಿ ತೋರಿಸಲಾಗುತ್ತದೆ.

ಆದ್ದರಿಂದ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಕಾರ್ಡಿನ ಪೂರ್ಣ ಹೆಸರೇನು? ಅದಕ್ಕೆ ಎಷ್ಟು ವ್ಯಾಟ್? ಮೆಮೊರಿ ಕಾರ್ಡಿನದೋ, ಹಂಚಿಕೊಂಡದ್ದೋ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮಾರಾಟದ ಪುಟದ ಚಿತ್ರವನ್ನೂ ತೆಗೆದಿಟ್ಟುಕೊಳ್ಳಿ, ಏಕೆಂದರೆ ಆ ಪುಟ ನಾಳೆ ಬದಲಾಗಬಹುದು.

ಇಷ್ಟಾಗಿಯೂ ಮೋಸಹೋದರೆ ಸುಮ್ಮನಿರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ದಾರಿತಪ್ಪಿಸುವ ಜಾಹೀರಾತೇ. ಮಾರಿದವರು ದೂರದ ಊರಿನವರಾದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವಿಲ್ಲ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಹೂ ಕೊಳ್ಳುವಾಗ ಅಳತೆ ನೋಡುವ ನಾವು ಒಂದು ಬೆಳೆಯ ಹಣ ಕೊಡುವಾಗಲೂ ಅಳತೆ ಕೇಳೋಣ. ಹಾಗೆ ಕೇಳುವುದರಲ್ಲಿ ಸಂಕೋಚವೇನೂ ಬೇಡ.