ನಿರೀಕ್ಷೆಯೆಂಬ ಮಾತು

ತರಗತಿಯಲ್ಲಿ ಒಮ್ಮೆ ಹುಡುಗನೊಬ್ಬನು ಎದ್ದು ನಿಂತು, "ಸಾರ್, ಆಸೆಗೂ ನಿರೀಕ್ಷೆಗೂ ಏನು ವ್ಯತ್ಯಾಸ?" ಎಂದು ಕೇಳಿದನು. ಕನ್ನಡ ಪಂಡಿತನಿಗೆ ಇಂಥ ಪ್ರಶ್ನೆಯೆಂದರೆ ಹಬ್ಬದೂಟ. ಈಕ್ಷ್ ಎಂಬ ಧಾತುವಿಗೆ ನೋಡು ಎಂದು ಅರ್ಥ. ಅದಕ್ಕೆ ಉಪಸರ್ಗ ಸೇರಿ, ಕಣ್ಣಿಟ್ಟು ನೋಡುವುದು, ಹಾದಿ ಕಾಯುವುದು ನಿರೀಕ್ಷೆಯಾಯಿತು ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದೆ. ಹುಡುಗನು ಒಪ್ಪಿ ಕುಳಿತನು. ಆದರೆ ನಾನು ಹೇಳಿದ ಮಾತಿನ ಅರ್ಥ ನನಗೇ ತಿಳಿದುದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಪೌಲನು ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ಮೂರು ಸಂಗತಿಗಳನ್ನು ಒಟ್ಟಾಗಿ ಹೇಳಿದ್ದಾನೆ. ಕನ್ನಡದ ಸತ್ಯವೇದದಲ್ಲಿ ಅವು ನಂಬಿಕೆ, ನಿರೀಕ್ಷೆ, ಪ್ರೀತಿ ಎಂದಿವೆ. ಪ್ರೀತಿಯ ಬಗ್ಗೆ ಉಪದೇಶಗಳನ್ನು ಬೇಕಾದಷ್ಟು ಕೇಳಿದ್ದೇವೆ; ನಂಬಿಕೆಯ ಬಗ್ಗೆ ವಾದಗಳಿಗೂ ಕೊರತೆಯಿಲ್ಲ. ನಡುವೆ ಇರುವ ಆ ಒಂದು ಮಾತಿನ ಮೇಲೆ ಮಾತ್ರ ನಮ್ಮ ಕಣ್ಣು ನಿಲ್ಲುವುದು ಕಡಿಮೆ. ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ, ಆ ಮಾತನ್ನು ಬಾಲ್ಯದಿಂದ ಬಾಯಿಪಾಠ ಮಾಡಿದವನು. ಬಾಯಿಗೆ ಬಂದುದು ಎದೆಗೆ ಇಳಿಯಬೇಕಾದರೆ ಬೇರೆ ಪಾಠಶಾಲೆಯೇ ಬೇಕಾಯಿತು.

1953ರಲ್ಲಿ ವೈದ್ಯಕೀಯ ಕಾಲೇಜು ಹುಟ್ಟಿದಂದಿನಿಂದ ಮಣಿಪಾಲದ ಗುಡ್ಡವನ್ನು ಎಷ್ಟು ಸಂಸಾರಗಳು ಏರಿವೆಯೋ, ಇಳಿದಿವೆಯೋ ಲೆಕ್ಕವಿಟ್ಟವರಿಲ್ಲ. ಒಂದು ಬೇಸಿಗೆಯ ಕೊನೆಗೆ ನಾನೂ ತಮ್ಮನನ್ನು ಕರೆದುಕೊಂಡು ಆ ಊರಿನ ಆಸ್ಪತ್ರೆಯೊಂದಕ್ಕೆ ಹೋದೆ. ಪಕ್ಕದ ಮಂಚದಲ್ಲಿ ಕಾಪು ಹತ್ತಿರದ ಶಂಕರಪುರದ ಹಿರಿಯರೊಬ್ಬರು ಮಲಗಿದ್ದರು. ಅವರ ಹೆಂಡತಿ ಸ್ಟೂಲಿನ ಮೇಲೆ ಕುಳಿತು ಜಪಮಾಲೆಯ ಮಣಿ ಎಣಿಸುತ್ತಿದ್ದರು. ಶಂಕರಪುರವೆಂದರೆ ಮಲ್ಲಿಗೆ ಎಂಬುದು ನಿಮಗೆಲ್ಲ ಗೊತ್ತು. ಅಲ್ಲಿ ಅನೇಕ ಕ್ರೈಸ್ತ ಮನೆಗಳ ಅಂಗಳದಲ್ಲಿ ಮಲ್ಲಿಗೆಯೇ ಅನ್ನ. ಬೆಳಗಾಗುತ್ತಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಲೆಕ್ಕ ಹಾಕಿ ಮಾರುವರು. ಹಾಗೆ ಕಟ್ಟಿದ ಹೂವು ದೇವಸ್ಥಾನಕ್ಕೂ ಹೋಗುವುದು, ಮದುಮಗಳ ಮುಡಿಗೂ ಏರುವುದು.

"ಬಾಯಮ್ಮ, ತೋಟ ಯಾರು ನೋಡಿಕೊಳ್ಳುತ್ತಾರೆ?" ಎಂದು ನಾನು ಒಂದು ಸಂಜೆ ಕೇಳಿದೆ.

"ಗೆಲ್ಲು ಸವರುವುದು ಇವರದೇ ಕೆಲಸ, ಮಾಸ್ತರೇ. ಈ ಸಲ ನಾನೇ ಸವರಿ ಬಂದೆ. ಮೊಗ್ಗು ಬಿಡುವಾಗ ಇವರು ಇರ್ತಾರೋ ಇಲ್ವೋ, ನನಗೆ ಗೊತ್ತಿಲ್ಲ. ಸವರದೆ ಬಿಟ್ಟರೆ ಹೂ ಬರುವುದಿಲ್ಲ, ಅದು ಗೊತ್ತುಂಟು" ಎಂದರು. ಮತ್ತೆ ಮಣಿ ಎಣಿಸತೊಡಗಿದರು.

ಆ ರಾತ್ರಿಗಳಲ್ಲಿ ಎರಡು ಮಂಚಗಳ ಬಳಿಯೂ ಪ್ರಾರ್ಥನೆ ನಡೆಯಿತು. ದೇವರೊಬ್ಬನೇ, ಕೇಳಿದ್ದೂ ಒಂದನ್ನೇ. ಅವರ ಯಜಮಾನರು ಗುಣವಾಗಿ ಮನೆಗೆ ಹೋದರು. ನನ್ನ ತಮ್ಮ ಹೋಗಲಿಲ್ಲ.

ಇಲ್ಲಿ ಸುಲಭವಾದ ಸಮಾಧಾನವನ್ನು ಹೇಳಿ ನಿಮ್ಮನ್ನು ವಂಚಿಸಲಾರೆ. ಆ ಮಳೆಗಾಲವಿಡೀ ನನ್ನ ನಾಲಗೆ ಪ್ರಾರ್ಥನೆಗೆ ಏಳಲಿಲ್ಲ. ಭಾನುವಾರ ಎಲ್ಲರೊಂದಿಗೆ ಸಾಲಿನಲ್ಲಿ ಕುಳಿತಿರುತ್ತಿದ್ದೆ. ಮನಸ್ಸು ಮಾತ್ರ ಆಸ್ಪತ್ರೆಯ ಎರಡು ಮಂಚಗಳ ನಡುವೆ ನಿಂತು, ಅವರಿಗೆ ಕೊಟ್ಟೆಯಲ್ಲ, ನನಗೇಕೆ ಕೊಡಲಿಲ್ಲ ಎಂದು ಕೇಳುತ್ತಿತ್ತು. ಅದಕ್ಕೆ ಉತ್ತರ ಆಗಲೂ ಬರಲಿಲ್ಲ, ಈಗಲೂ ಬಂದಿಲ್ಲ.

ಸೆಪ್ಟೆಂಬರ್ ಬಂದಾಗ ಬಾಯಮ್ಮನವರಿಂದ ಕರೆ ಬಂದಿತು. ಸೆಪ್ಟೆಂಬರ್ 8 ಕನ್ಯಾಮರಿಯಳ ಜನ್ಮದಿನ. ನಮ್ಮ ಕರಾವಳಿಯ ಕೆಥೋಲಿಕರಿಗೆ ಮೊಂತಿ ಹಬ್ಬ, ತೆನೆ ಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮಾತೆಯ ಮುಂದೆ ಚೆಲ್ಲುವರು. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವರು. ಕಾಳನ್ನು ಸುಲಿದು ಪಾಯಸಕ್ಕೆ ಸೇರಿಸಿ ಮನೆಯವರೆಲ್ಲ ಒಟ್ಟಿಗೆ ಉಣ್ಣುವರು. ಮುಂಬಯಿಯಲ್ಲಿಯೋ ಕೊಲ್ಲಿ ದೇಶದಲ್ಲಿಯೋ ಇರುವ ಮಕ್ಕಳಿಗೆ ನಾಲ್ಕು ಕಾಳು ಅಂಚೆಯಲ್ಲಿ ಹೋಗುವುದೂ ಉಂಟು.

ಊಟಕ್ಕೆ ಕುಳಿತಾಗ ನನಗೊಂದು ಹೊಳೆಯಿತು. ತೆನೆ ಮನೆಗೆ ಬಂದಿದೆ. ಆದರೆ ಬೆಳೆ ಬಂದಿಲ್ಲ. ಪೈರು ಇನ್ನೂ ಗದ್ದೆಯಲ್ಲಿ ನಿಂತಿದೆ, ಮಳೆ ಇನ್ನೂ ಮುಗಿದಿಲ್ಲ. ಕಣಜ ತುಂಬಿದ ಮೇಲೆ ದೇವರಿಗೆ ಕೈ ಮುಗಿಯುವುದು ಯಾರಿಗೂ ಆಗುವ ಕೆಲಸ. ಒಂದು ಹಿಡಿ ತೆನೆಯನ್ನು ಕಂಡು, ಕಾಣದ ಸುಗ್ಗಿಗೆ ಈಗಲೇ ಸ್ತೋತ್ರ ಹೇಳುವುದು ಈ ಹಬ್ಬ. ಮರಣಹೊಂದಿ ಎದ್ದ ಕ್ರಿಸ್ತನನ್ನು ಪೌಲನು ನಿದ್ರೆಹೋದವರಲ್ಲಿ ಪ್ರಥಮಫಲವೆಂದು ಕರೆದುದು ನೆನಪಾಯಿತು. ಮೊದಲ ತೆನೆ ಬಂದಿದೆ. ಉಳಿದ ಬೆಳೆ ಗದ್ದೆಯಲ್ಲಿದೆ. ನನ್ನ ತಮ್ಮನೂ ಆ ಗದ್ದೆಯಲ್ಲಿಯೇ ಇದ್ದಾನೆ ಎಂದುಕೊಂಡೆ. ನಾಲ್ಕು ತಿಂಗಳ ಮೇಲೆ ಅಂದು ರಾತ್ರಿ ಮೊಣಕಾಲೂರಿದೆ. ಮರುದಿನ ತಮ್ಮನ ಮಗಳ ಶಾಲೆಯ ಫೀಸು ಕಟ್ಟಿ ಬಂದೆ. ಎರಡೂ ಒಂದೇ ಪ್ರಾರ್ಥನೆಯ ಎರಡು ಭಾಗಗಳೆಂದು ಈಗ ತೋರುತ್ತದೆ.

ಇದು ಒಂದು ಮನೆಯ ಮಾತಾಯಿತು. ನಮ್ಮ ನೆಲದ ಚರಿತ್ರೆಯಲ್ಲಿಯೂ ಇದೇ ಮಾತು ದೊಡ್ಡ ಅಕ್ಷರಗಳಲ್ಲಿ ಇದೆ. ಕಾರ್ಕಳದ ಅತ್ತೂರಿನ ಇಗರ್ಜಿ ಹುಟ್ಟಿದ್ದು 1759ರಲ್ಲಿ. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಬದುಕಿ ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಮರಳಿ ಬಂದವರಿಗೆ ಹೊಲವಿಲ್ಲ, ಮನೆಯಿಲ್ಲ, ಪ್ರಾರ್ಥಿಸಲು ಮಾಡೂ ಇಲ್ಲ. ಸಂತ ಲಾರೆನ್ಸನ ಮರದ ವಿಗ್ರಹವನ್ನು ಹೊತ್ತು ಜಾಗ ಹುಡುಕುತ್ತ ನಡೆದವರು ದಾರಿಯಲ್ಲಿ ಅದನ್ನು ನೆಲಕ್ಕಿಳಿಸಿದರೆಂದೂ, ಅದು ಮತ್ತೆ ಮೇಲೇಳಲಿಲ್ಲವೆಂದೂ, ಅಲ್ಲಿಯೇ ಇಗರ್ಜಿ ಕಟ್ಟಿದರೆಂದೂ ಪ್ರತೀತಿ. 2016ರಲ್ಲಿ ಬಸಿಲಿಕಾ ಎಂಬ ಗೌರವ ಪಡೆದ ಆ ದೇವಾಲಯಕ್ಕೆ ಜನವರಿಯ ಜಾತ್ರೆಯಲ್ಲಿ ಎಲ್ಲ ಮತದವರೂ ಹೋಗಿ ಮೇಣದ ಬತ್ತಿ ಹಚ್ಚುವರು. ನಿಮ್ಮಲ್ಲಿಯೂ ಎಷ್ಟೋ ಮಂದಿ ಹಚ್ಚಿರಬಹುದು. ಸಂತ ಲಾರೆನ್ಸನು 258ರಲ್ಲಿ ರೋಮಿನಲ್ಲಿ ಪ್ರಾಣ ಕೊಟ್ಟ ಸೇವಕ. ಸಭೆಯ ಭಂಡಾರವನ್ನು ತಂದೊಪ್ಪಿಸೆಂದು ಅಧಿಕಾರಿ ಕೇಳಿದಾಗ, ಬಡವರನ್ನೂ ಕುಂಟರನ್ನೂ ಕರೆತಂದು, ಇವರೇ ನಮ್ಮ ಭಂಡಾರವೆಂದು ತೋರಿಸಿದನಂತೆ.

ಆ ಭಂಡಾರವನ್ನು ಕಂಡವರು ಉಡುಪಿಗೂ ಬಂದರು. 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಇಲ್ಲಿ ಚಿಕ್ಕದಾಗಿ ಆಸ್ಪತ್ರೆ ತೆರೆದರು. ಇಂದಿಗೂ ಅದು ಅವರ ಹೆಸರಿನಲ್ಲಿ ನಡೆಯುತ್ತಿದೆ. ಊರವರ ಬಾಯಲ್ಲಿ ಮಿಶನ್ ಆಸ್ಪತ್ರೆ. ಮುಂದೆ ಅದು ಎಷ್ಟು ದೊಡ್ಡದಾಗುವುದೆಂದು ಅಂದು ಆಕೆಗೆ ಕಾಣುತ್ತಿತ್ತೆ? ಕಂಡದ್ದು ಬಾಗಿಲಲ್ಲಿ ನಿಂತ ರೋಗಿ ಮಾತ್ರ. ಶಂಕರಪುರದ ಬಾಯಮ್ಮ ಕತ್ತರಿ ಹಿಡಿದಂತೆ ಆಕೆ ತನ್ನ ಕೆಲಸ ಹಿಡಿದರು.

ಇಂದು ಆ ಹುಡುಗ ಮತ್ತೆ ಎದ್ದು ನಿಂತು ಕೇಳಿದರೆ ನಾನು ಧಾತು, ಉಪಸರ್ಗಗಳಲ್ಲಿ ನಿಲ್ಲಿಸಲಾರೆ. ಆಸೆ ಕೈಗೂಡದಿದ್ದರೆ ಸಾಯುತ್ತದೆ, ಮಗು. ನನ್ನದೂ ಒಂದು ಸತ್ತಿತು. ನಿರೀಕ್ಷೆಯು ಕಣ್ಣನ್ನು ಹಾದಿಯ ಮೇಲಿಟ್ಟು ಕೈಯನ್ನು ಕೆಲಸದ ಮೇಲಿಡುತ್ತದೆ ಎನ್ನುವೆನು. ನಿಮ್ಮ ಮನೆಯಲ್ಲಿಯೂ ಉತ್ತರ ಬಾರದ ಪ್ರಶ್ನೆಯೊಂದು ಇರಬಹುದು. ಅದು ಇರಲಿ. ನಾಳೆ ಬೆಳಿಗ್ಗೆ ಸವರಬೇಕಾದ ಗೆಲ್ಲು ಯಾವುದೆಂದು ಇಂದು ರಾತ್ರಿ ಒಮ್ಮೆ ನೋಡಿಟ್ಟುಕೊಳ್ಳಿರಿ.