ಜನವರಿ 26



ಹತ್ತನೇ ತರಗತಿಯಲ್ಲಿದ್ದಾಗ ಇದೇ ಅಂಗಳದಲ್ಲಿ ಗಣರಾಜ್ಯೋತ್ಸವದ ಭಾಷಣ ಒಪ್ಪಿಸಿದ್ದೆ. ಇಳಿದು ಬಂದಾಗ ಸಮಾಜ ವಿಜ್ಞಾನದ ಮೇಷ್ಟ್ರು ಕೇಳಿದರು: "ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ಕ್ಕೆ. ಜಾರಿಗೆ ತರಲು ಮತ್ತೆರಡು ತಿಂಗಳು ಕಾದದ್ದೇಕೋ?" ನಾನು ತಲೆ ಕೆರೆದುಕೊಂಡೆ. 1930ರ ಜನವರಿ 26ರಂದು ಊರೂರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ಮಾಡಿದ್ದರು, ಆ ದಿನಕ್ಕಾಗಿಯೇ ಕಾದರು ಎಂದು ಅವರೇ ಹೇಳಿದರು.

ಇನ್ನೊಂದು ಜನವರಿ 26 ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ, ಅದೇ ತಾರೀಖು. ಇದು ಯಾರೂ ಆರಿಸಿದ ದಿನವಲ್ಲ, ಬರೀ ಕಾಕತಾಳೀಯ. ಆದರೂ ಆಲದ ಮರದ ಕೆಳಗೆ ನಿಂತಾಗ, ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅದಕ್ಕೇ ಇವತ್ತು ಇಲ್ಲಿ ಹೇಳುತ್ತಿದ್ದೇನೆ.