ಬಚ್ಚಲೊಲೆಯ ಹೊಗೆ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ರಸ್ತೆಯಲ್ಲಿ ಮೇಟಗಳ್ಳಿ ಸಿಕ್ಕುತ್ತದೆ. ಹೆಸರೇ ಹೇಳುವಂತೆ ಅದು ಮೊದಲು ಹಳ್ಳಿ. ಪೇಟೆ ಅದರ ಬಳಿಗೆ ನಡೆದು ಬಂದಿತು. ಕಾರ್ಖಾನೆಗಳು ಬಂದುವು, ಬಡಾವಣೆಗಳು ಬಂದುವು, ಅಡಿಗೆಮನೆಗೆ ಗ್ಯಾಸೂ ಬಂದಿತು. ಆದರೂ ಮಾಗಿಯ ದಿನಗಳಲ್ಲಿ ಬೆಳಗಿನ ಹೊತ್ತು ಇಂಥ ಹಳೆಯ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಯಾವುದೋ ಹಿತ್ತಲಿನಿಂದ ನೀಲಿಯ ಹೊಗೆ ಎದ್ದು, ತಣ್ಣನೆಯ ಗಾಳಿಯಲ್ಲಿ ಮೇಲಕ್ಕೇರಲಾರದೆ, ಹೆಂಚಿನ ಮಟ್ಟದಲ್ಲಿಯೇ ಹಾಸಿಕೊಂಡಿರುವುದನ್ನು ಕಾಣುವಿರಿ. ಅದು ಅಡಿಗೆಯ ಒಲೆಯದಲ್ಲ, ಸ್ನಾನದ ನೀರು ಕಾಯಿಸುವ ಬಚ್ಚಲೊಲೆಯದು.

ಗ್ಯಾಸು ಇದ್ದೂ ಸೌದೆಯೇಕೆ ಎಂದು ಕೇಳುವುದು ಸುಲಭ. ಆದರೆ ಆ ಮನೆಯವರ ಲೆಕ್ಕವನ್ನೂ ನೋಡಬೇಕು. ಒಂದು ಹಂಡೆ ನೀರಿಗೆ ಗ್ಯಾಸು ಉರಿಸಿದರೆ ಸಿಲಿಂಡರು ತಿಂಗಳ ಕೊನೆಯವರೆಗೆ ಬಾರದು. ಹಿತ್ತಲಲ್ಲಿ ಒಂದೆರಡು ತೆಂಗಿನ ಮರವಿದ್ದರೆ ಗರಿ, ಮೊಟ್ಟೆ, ಕರಟ ಪುಕ್ಕಟೆ. ಮೇಲಾಗಿ ಹಬ್ಬದ ಎಣ್ಣೆನೀರಿಗೂ ಬಾಣಂತಿಯ ಸ್ನಾನಕ್ಕೂ ಹಂಡೆಯ ನೀರೇ ಆಗಬೇಕೆಂಬುದು ನಮ್ಮ ಹಿರಿಯರ ಹಟ. ಆ ಹಟವನ್ನು ಬಿಡಿಸುವುದು ನನ್ನ ಕೆಲಸವಲ್ಲ. ಒಲೆ ಉರಿಯುವುದೇ ಆದರೆ ಅದು ಹೇಗೆ ಉರಿಯಬೇಕು ಎಂಬುದಷ್ಟೇ ಇಲ್ಲಿಯ ಮಾತು.

ಮೊದಲು ಹೊಗೆ ಎಂದರೇನು ಎಂಬುದನ್ನು ತಿಳಿಯೋಣ. ಸೌದೆ ಇದ್ದ ಹಾಗೆಯೇ ಉರಿಯುವುದಿಲ್ಲ. ಶಾಖ ತಗುಲಿದೊಡನೆ ಅದರಲ್ಲಿರುವ ನೀರು ಆವಿಯಾಗುತ್ತದೆ. ಆಮೇಲೆ ಸೌದೆ ಒಡೆದು ಅನಿಲಗಳನ್ನು ಬಿಡುತ್ತದೆ. ಒಣಗಿದ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೋಗುವಂಥದು; ಉಳಿದದ್ದು ಇದ್ದಿಲು. ನಾವು ಕಾಣುವ ಜ್ವಾಲೆ ಆ ಅನಿಲಗಳು ಉರಿಯುವ ಜ್ವಾಲೆ. ಅವಕ್ಕೆ ಸಾಕಷ್ಟು ಗಾಳಿ, ಸಾಕಷ್ಟು ಬಿಸಿ, ಉರಿದು ಮುಗಿಯಲು ಸ್ವಲ್ಪ ಜಾಗ, ಈ ಮೂರೂ ದೊರೆತರೆ ಹೊಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಅನಿಲಗಳು ಉರಿಯದೆಯೇ ತಣಿದು ಹೊಗೆಯಾಗುತ್ತವೆ. ಹಾಗಾದರೆ ಹೊಗೆಯೆಂದರೆ ನೀವು ದುಡ್ಡು ಕೊಟ್ಟು ತಂದು ಉರಿಸದೆ ಆಚೆಗೆ ಬಿಟ್ಟ ಸೌದೆ. ಹೊಗೆ ಕಡಿಮೆ ಮಾಡುವುದೂ ಸೌದೆ ಉಳಿಸುವುದೂ ಎಷ್ಟೋ ಮಟ್ಟಿಗೆ ಒಂದೇ ಕೆಲಸ.

ಇದಕ್ಕೊಂದು ಚಿಕ್ಕ ಲೆಕ್ಕ. ನಲವತ್ತು ಲೀಟರು ಹಿಡಿಯುವ ಹಂಡೆಯ ನೀರನ್ನು 40 ಡಿಗ್ರಿಯಷ್ಟು ಬಿಸಿ ಮಾಡಲು 1,600 ಕಿಲೋ ಕ್ಯಾಲೊರಿ ಶಾಖ ಬೇಕು. ಗಾಳಿಯಲ್ಲಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸ್ಥೂಲವಾಗಿ 3,600 ಕಿಲೋ ಕ್ಯಾಲೊರಿ ಇರುತ್ತದೆ. ಶಾಖವೆಲ್ಲ ನೀರಿಗೇ ಹೋಗುವುದಾದರೆ ಅರ್ಧ ಕಿಲೋ ಸೌದೆಯೂ ಬೇಡ. ಆದರೆ ಮೂರು ಕಲ್ಲಿಟ್ಟು ಹೂಡಿದ ಒಲೆಯಲ್ಲಿ ನೂರಕ್ಕೆ 10ರಿಂದ 15 ಪಾಲು ಶಾಖ ಪಾತ್ರೆಗೆ ಸೇರಿದರೆ ಹೆಚ್ಚು. ಅಲ್ಲಿಗೆ ಕಡಿಮೆಯೆಂದರೂ ಮೂರು ಕಿಲೋ ಸೌದೆ ಹೋಯಿತು. ನೂರಕ್ಕೆ 30 ಪಾಲು ಸೇರುವಂತೆ ಒಲೆ ಕಟ್ಟಿದರೆ ಒಂದೂವರೆ ಕಿಲೋ ಸಾಕು. ವರ್ಷಕ್ಕೆ ಐದು ಕ್ವಿಂಟಲಿಗೂ ಮೀರಿ ಉಳಿಯಿತು. ಹಸಿ ಸೌದೆಯಾದರೆ ಈ ಲೆಕ್ಕವೇ ಕೆಡುತ್ತದೆ, ಏಕೆಂದರೆ ಅದರೊಳಗಿನ ಒಂದೊಂದು ಕಿಲೋ ನೀರನ್ನು ಆವಿ ಮಾಡುವುದಕ್ಕೇ 540 ಕಿಲೋ ಕ್ಯಾಲೊರಿ ಬೇಕು. ಹಂಡೆಯ ನೀರು ಕಾಯುವ ಮುಂಚೆ ಸೌದೆಯ ನೀರನ್ನು ಕಾಯಿಸಬೇಕಾಗುತ್ತದೆ!

ಇನ್ನು ಆ ಹೊಗೆ ಎಲ್ಲಿಗೆ ಹೋಗುತ್ತದೆ? ಒಲೆಯ ಮುಂದೆ ಕುಳಿತವರ ಎದೆಗೆ. ಹೊಗೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳುಂಟು. ಅವು ಮೂಗು ಗಂಟಲುಗಳಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಇಂಥ ಕಣಗಳು ದಿನವೊಂದರ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಸೌದೆ ಉರಿಯುವ ಮುಚ್ಚಿದ ಕೋಣೆಯಲ್ಲಿ ಅವು ನೂರಾರು ಮೈಕ್ರೋಗ್ರಾಂ ಆಗುವುದು ಸಾಮಾನ್ಯ. ಮನೆಯೊಳಗಿನ ಇಂಥ ಮಾಲಿನ್ಯದಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ಅದೇ ಸಂಸ್ಥೆಯ ಅಂದಾಜು.

ಹೊಗೆಗಿಂತ ಮೋಸದ ಇನ್ನೊಂದು ವಸ್ತು ಇದೆ. ಅದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದೂ ಇಲ್ಲ. ಹೊಗೆ ನಿಂತು ಕೆಂಡ ಮಾತ್ರ ನಿಗಿನಿಗಿ ಎನ್ನುವಾಗಲೇ ಅದು ಹೆಚ್ಚು. ಬಾಣಂತಿಯ ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮಂಚದ ಬಳಿ ಇಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಈ ಪದ್ಧತಿಯ ವಿಷಯದಲ್ಲಿ ನಾನು ಸಂಕೋಚವಿಲ್ಲದೆ ಹೇಳುತ್ತೇನೆ: ಅದನ್ನು ಬಿಡಿ. ಮಗುವಿಗೆ ಬೆಚ್ಚಗಾಗಬೇಕಾದರೆ ಬಟ್ಟೆ ಹೊದಿಸಿ, ತಾಯಿಯ ಮಗ್ಗುಲಲ್ಲಿ ಮಲಗಿಸಿ. ಒಲೆ ಉರಿಯುವ ಬಚ್ಚಲುಮನೆಯಲ್ಲಿಯೂ ಹೀಗೆಯೇ. ಒಲೆಯ ಬಾಯಿ ಒಳಗಡೆಯೇ ಇದ್ದರೆ ಸ್ನಾನಕ್ಕೆ ಹೋಗುವ ಮೊದಲು ಕೆಂಡವನ್ನು ಹೊರಕ್ಕೆಳೆದು ನೀರು ಚಿಮುಕಿಸಿ ಆರಿಸಬೇಕು. ಗವಾಕ್ಷಿಯನ್ನು ಚಳಿಯೆಂದು ಗೋಣಿತಾಟಿನಿಂದ ಮುಚ್ಚಬಾರದು.

ಹೊಗೆಯಿಲ್ಲದ ಒಲೆಯ ಯೋಚನೆ ಹೊಸದೇನೂ ಅಲ್ಲ. ಹೈದರಾಬಾದಿನಲ್ಲಿ ಎಸ್. ಪಿ. ರಾಜು ಎಂಬ ಎಂಜಿನಿಯರರು 1950ರ ದಶಕದಲ್ಲಿಯೇ ಮಣ್ಣಿನ ಒಲೆಗೆ ಚಿಮಣಿ ಹೂಡಿ ಬಡವರ ಅಡಿಗೆಮನೆಯ ಹೊಗೆ ಕಳೆಯಲು ಯತ್ನಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು; ಹಳ್ಳಿಗೆ ಬೇಕಾದ ವಿಜ್ಞಾನವನ್ನು ಅರಸುವುದು ಅದರ ಉದ್ದೇಶ. 1980ರ ದಶಕದಲ್ಲಿ ಅಲ್ಲಿಂದ ಬಂದ ‘ಅಸ್ತ್ರ ಒಲೆ’ ನಮ್ಮ ನಾಡಿನ ಅನೇಕ ಮನೆಗಳಿಗೆ ಪರಿಚಿತ. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಕೆಳಗೆ ಕಬ್ಬಿಣದ ಜಾಲರಿ, ಸೌದೆ ತೂರಿಸಲು ಸಣ್ಣ ಬಾಯಿ, ಹಿಂದೆ ಚಿಮಣಿ. ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ 30 ಪಾಲಿಗೂ ಮೀರಿ ಶಾಖವನ್ನು ಪಾತ್ರೆಗೆ ಮುಟ್ಟಿಸಿತು. 1983ರಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಸುಮಾರು ಎರಡು ದಶಕ ನಡೆಸಿತು.

ಅಷ್ಟಾದರೂ ಹೊಗೆ ಏಕೆ ಉಳಿಯಿತು? ಒಡಿಶಾದಲ್ಲಿ ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 2,600 ಸಂಸಾರಗಳನ್ನು ನಾಲ್ಕು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ವಿವರ ಇದಕ್ಕೆ ಉತ್ತರ ಹೇಳುತ್ತದೆ. ಚಿಮಣಿಯ ಒಲೆ ಬಂದ ಮೊದಲ ವರ್ಷ ಅಡಿಗೆ ಮಾಡುವವರು ಸೇವಿಸುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಕಾಣದಾಯಿತು. ಒಲೆ ಬಿರುಕುಬಿಟ್ಟಾಗ ಮೆತ್ತುವವರಿಲ್ಲ, ಚಿಮಣಿ ಕಟ್ಟಿಕೊಂಡಾಗ ತೆಗೆಯುವವರಿಲ್ಲ, ಬರಬರುತ್ತ ಅದನ್ನು ಹಚ್ಚುವವರೂ ಕಡಿಮೆ. ಒಳ್ಳೆಯ ಒಲೆಯನ್ನು ತರುವುದಕ್ಕಿಂತ ಅದನ್ನು ಒಳ್ಳೆಯದಾಗಿಯೇ ಇಟ್ಟುಕೊಳ್ಳುವುದು ಕಷ್ಟವೆಂದಾಯಿತು. ಆರಿಸುವಾಗಲೇ ಈ ಮಾತು ಮನಸ್ಸಿನಲ್ಲಿರಲಿ: ನೀವೇ ಬಿಚ್ಚಿ ಶುಚಿಮಾಡಲಾಗದ ಒಲೆಯನ್ನು ಕೊಳ್ಳಬೇಡಿ.

ಹಂಡೆಗೆ ಕಟ್ಟುವ ಒಲೆಯಾದರೆ ಗಾರೆಯವರೊಡನೆ ನಿಂತು ಕೆಲವು ಅಳತೆ ನೋಡಿಕೊಳ್ಳಿ. ಸೌದೆ ನೆಲದ ಮೇಲೆ ಬೀಳಬಾರದು; ಜಾಲರಿಯ ಮೇಲೆ ಕೂರಬೇಕು, ಅಡಿಯಿಂದ ಗಾಳಿ ಆಡಬೇಕು, ಬೂದಿ ಕೆಳಗುದುರಬೇಕು. ಜಾಲರಿಗೂ ಹಂಡೆಯ ತಳಕ್ಕೂ ನಡುವೆ ಸುಮಾರು ಒಂದು ಗೇಣು ಇರಲಿ. ತೀರ ಹತ್ತಿರವಾದರೆ ಜ್ವಾಲೆ ತಣ್ಣನೆಯ ತಾಮ್ರಕ್ಕೆ ಬಡಿದು ಅರ್ಧದಲ್ಲೇ ಆರಿ ಮಸಿಯಾಗುತ್ತದೆ; ತೀರ ದೂರವಾದರೆ ಶಾಖ ಗೋಡೆಗೆ ಹೋಗುತ್ತದೆ. ಹಂಡೆಯ ಹೊಟ್ಟೆಗೂ ಸುತ್ತಣ ಗೋಡೆಗೂ ನಡುವೆ ಒಂದು ಬೆರಳಿನಷ್ಟೇ ಸಂದು ಬಿಟ್ಟರೆ ಬಿಸಿಗಾಳಿ ಹಂಡೆಯನ್ನು ತಬ್ಬಿಕೊಂಡು ಏರಿ, ಆಮೇಲೆ ಚಿಮಣಿಗೆ ಸೇರುತ್ತದೆ. ಒಲೆಯ ಬಾಯಿಯನ್ನು ದೊಡ್ಡದಾಗಿ ಬಿಡಿಸಬೇಡಿ. ಇಡೀ ಕೊಂಬೆ ತೂರಿಸುವ ಆಸೆಗೆ ಬಾಯಿ ದೊಡ್ಡದಾದರೆ ತಣ್ಣನೆಯ ಗಾಳಿ ನುಗ್ಗಿ ಉರಿಯನ್ನು ತಣಿಸುತ್ತದೆ. ಸೌದೆ ಸೀಳುವ ಶ್ರಮ ಹೆಂಗಸರ ಪಾಲಿಗೇ ಬರುವುದರಿಂದ ಈ ಸಣ್ಣ ಬಾಯಿ ಅನೇಕರಿಗೆ ರುಚಿಸದು. ಕೊಡಲಿ ಹಿಡಿಯುವ ಕೆಲಸವನ್ನು ಮನೆಯ ಗಂಡಸರು ಭಾನುವಾರಕ್ಕೊಮ್ಮೆ ವಹಿಸಿಕೊಂಡರೆ ಈ ತಕರಾರು ತೀರುತ್ತದೆ.

ಚಿಮಣಿ ನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲದ ಅಗಲದ್ದಾಗಿ, ಆದಷ್ಟು ನೆಟ್ಟಗೆ, ಮಾಡಿನ ನೆತ್ತಿಗಿಂತ ಎರಡು ಮೂರು ಅಡಿ ಮೇಲಕ್ಕೆ ಹೋಗಲಿ. ತುದಿಗೊಂದು ಟೋಪಿ ಇರಲಿ. ಹಳೆಯ ಕಾಲದ ಆಸ್ಬೆಸ್ಟಾಸ್ ಕೊಳವೆ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೊಗೆಗಿಂತ ಕೆಟ್ಟದ್ದು. ಗೋಡೆಗೆ ಗೋಡೆ ತಾಗಿದ ಮೇಟಗಳ್ಳಿಯಂಥ ಕಡೆ ಇನ್ನೊಂದು ಮಾತು. ಚಿಮಣಿ ನಿಮ್ಮ ಹೊಗೆಯನ್ನು ಇಲ್ಲದಂತೆ ಮಾಡುವುದಿಲ್ಲ, ಸಾಗಿಸುತ್ತದೆ. ಗಿಡ್ಡ ಚಿಮಣಿಯ ಬಾಯಿ ನೆರೆಮನೆಯ ಮಹಡಿ ಕಿಟಕಿಗೆ ಎದುರಾದರೆ ನಿಮ್ಮ ಮಗುವಿನ ಕೆಮ್ಮು ಅವರ ಮಗುವಿಗೆ ಹೋಯಿತೆಂದೇ ಅರ್ಥ. ಉರಿ ಪೂರ್ಣವಾಗುವಂತೆ ನೋಡಿಕೊಳ್ಳುವುದು ಮೊದಲು, ಚಿಮಣಿ ಆಮೇಲೆ.

ಕಟ್ಟುವ ಗೋಜು ಬೇಡವೆನ್ನುವವರಿಗೆ, ನಡುವೆ ಕೊಳವೆಯಿರುವ ಬಾಯ್ಲರುಗಳು ಪಾತ್ರೆ ಅಂಗಡಿಗಳಲ್ಲಿ ಸಿಕ್ಕುತ್ತವೆ. ನೀರು ಬೆಂಕಿಯ ಕೊಳವೆಯನ್ನು ಸುತ್ತುವರಿದಿರುವುದರಿಂದ ಬೇಗ ಕಾಯುತ್ತದೆ. ಚಿಕ್ಕ ಸಂಸಾರಕ್ಕೆ ಇದೇ ವಾಸಿ. ಆದರೆ ಗಡಸು ನೀರಾದರೆ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಕೈ ಹೋಗುವಷ್ಟು ಮುಚ್ಚಳ ಇದೆಯೇ ಎಂದು ನೋಡಿ ಕೊಳ್ಳಿ. ಸಣ್ಣ ಬೀಸಣಿಗೆ ಹೂಡಿದ ಒಲೆಗಳೂ ಬಂದಿವೆ. ಚೆನ್ನಾಗಿ ಉರಿಯುತ್ತವೆ, ಆದರೆ ಬೀಸಣಿಗೆ ಕೆಟ್ಟರೆ ರಿಪೇರಿ ಮಾಡುವವರು ಊರಲ್ಲಿ ಇರಬೇಕು. ಮಾಳಿಗೆಯ ಮೇಲೆ ಬಿಸಿಲು ಬೀಳುವ ಜಾಗ ಇದ್ದು ಕೈಯಲ್ಲಿ ಹಣವಿದ್ದರೆ ಸೂರ್ಯನ ಹೀಟರು ಎಲ್ಲಕ್ಕೂ ಮೇಲು. ಆಷಾಢದ ಮೋಡಕ್ಕೆ ಮಾತ್ರ ಹಂಡೆಯನ್ನು ಮಾರದೆ ಇಟ್ಟುಕೊಳ್ಳಿ.

ಹೊಸ ಒಲೆಯ ಪರೀಕ್ಷೆಗೆ ಯಂತ್ರ ಬೇಡ. ಉರಿ ಹತ್ತಿ ಹತ್ತು ನಿಮಿಷವಾದ ಮೇಲೆ ಹೊರಗೆ ಬಂದು ಚಿಮಣಿಯ ತುದಿ ನೋಡಿ. ಗಾಳಿ ನಡುಗುವಂತೆ ಕಂಡು ಹೊಗೆ ಕಾಣದಿದ್ದರೆ ಸರಿ. ದಟ್ಟ ಬಿಳಿಯ ಹೊಗೆಯಾದರೆ ಸೌದೆ ಹಸಿ. ಕರಿಯ ಹೊಗೆಯಾದರೆ ಗಾಳಿ ಸಾಲದು, ಇಲ್ಲವೆ ಒಮ್ಮೆಗೇ ಹೆಚ್ಚು ತುರುಕಿದ್ದೀರಿ. ಒಲೆಯ ಬಾಯಿಂದಲೇ ಹೊಗೆ ಮುಖಕ್ಕೆ ಬಂದರೆ ಚಿಮಣಿ ಕಟ್ಟಿದೆ. ಊದುಕೊಳವೆ ದಿನವೂ ಬೇಕಾಗುವ ಒಲೆ ಕೆಟ್ಟ ಒಲೆ.

ಆರೈಕೆಯಲ್ಲಿ ದಿನದ ಕೆಲಸ ಒಂದೇ: ಹಚ್ಚುವ ಮೊದಲು ಜಾಲರಿಯ ಕೆಳಗಣ ಬೂದಿ ತೆಗೆಯುವುದು. ಬೂದಿ ತುಂಬಿದರೆ ಗಾಳಿಯ ದಾರಿ ಮುಚ್ಚಿತು. ವಾರಕ್ಕೊಮ್ಮೆ ಹಂಡೆಯ ತಳದ ಮಸಿ ಕೆರೆಯಿರಿ. ಮಸಿ ಕಂಬಳಿಯಿದ್ದಂತೆ, ಶಾಖವನ್ನು ಒಳಕ್ಕೆ ಬಿಡದು. ತಿಂಗಳಿಗೊಮ್ಮೆ, ಒಲೆ ಪೂರ್ತಿ ಆರಿರುವಾಗ, ಉದ್ದನೆಯ ಬಿದಿರಿಗೆ ಗೋಣಿ ಸುತ್ತಿ ಚಿಮಣಿಯಲ್ಲಿ ಆಡಿಸಿ. ಹಸಿ ಸೌದೆ ಉರಿಸುವ ಮನೆಯ ಚಿಮಣಿಯೊಳಗೆ ಟಾರಿನಂಥ ಕಿಟ್ಟ ಅಂಟಿರುತ್ತದೆ. ಅದಕ್ಕೆ ಬೆಂಕಿ ಹತ್ತುವುದೂ ಉಂಟು. ಬಿರುಕು ಕಂಡೊಡನೆ ಜೇಡಿಮಣ್ಣಿಗೆ ಹೊಟ್ಟು ಸೇರಿಸಿ ಮೆತ್ತಿ.

ಸೌದೆ ಸರ್ವೆಯಾಗಲಿ ನೀಲಗಿರಿಯಾಗಲಿ ಜಾಲಿಯಾಗಲಿ, ಒಣಗಿರುವುದೇ ಮುಖ್ಯ. ಎರಡು ತುಂಡು ತಾಕಿಸಿದರೆ ಟಣ್ಣೆನ್ನಬೇಕು, ತುದಿಯಲ್ಲಿ ಸೀಳು ಬಿಟ್ಟಿರಬೇಕು. ಶಿವರಾತ್ರಿಯ ಹೊತ್ತಿಗೆ ಕೊಂಡು, ಹೆಬ್ಬೆರಳಿನ ಗಾತ್ರಕ್ಕೆ ಸೀಳಿ, ಬೇಸಿಗೆಯ ಬಿಸಿಲಿಗೆ ಒಡ್ಡಿ, ಮಳೆಗೆ ಮುಂಚೆ ನೆಲದಿಂದ ಒಂದಡಿ ಎತ್ತರದ ಅಟ್ಟದ ಮೇಲೆ ಜೋಡಿಸಿಟ್ಟರೆ ಶ್ರಾವಣದಲ್ಲಿಯೂ ಕಣ್ಣು ಒರೆಸಿಕೊಳ್ಳಬೇಕಾಗಿಲ್ಲ. ಕರಟ ಚೆನ್ನಾಗಿ ಉರಿಯುತ್ತದೆ, ಆದರೆ ನಾಲ್ಕೈದಕ್ಕಿಂತ ಹೆಚ್ಚು ಒಮ್ಮೆಗೆ ಬೇಡ. ನೀರು ಹೀರಿದ ಮೊಟ್ಟೆಯಂಥ ಹೊಗೆಗಾರ ಇನ್ನೊಂದಿಲ್ಲ.

ಕಾರ್ಖಾನೆಗಳ ನೆರೆಯಲ್ಲಿರುವವರಿಗೆ ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಅಗ್ಗವಾಗಿ ದೊರಕುವುದುಂಟು. ಹೊರದೇಶದಿಂದ ಬಂದ ಹಲಗೆಯ ಮೇಲೆ ಸುಟ್ಟ ಮುದ್ರೆಯಲ್ಲಿ ಎಚ್.ಟಿ. ಎಂದಿದ್ದರೆ ಅದನ್ನು ಹುಳು ಹೋಗಲೆಂದು ಬಿಸಿ ಮಾಡಿದ್ದಾರೆಂದು ತಿಳಿಯಿರಿ, ಎಂ.ಬಿ. ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ, ಅದನ್ನು ಒಲೆಗೆ ತರಬೇಡಿ. ಬಣ್ಣ ಬಳಿದ ಹಲಗೆ, ಪ್ಲೈವುಡ್, ರಬ್ಬರು, ಹಾಲಿನ ಪ್ಯಾಕೆಟ್ಟು ಯಾವುದೂ ಸೌದೆಯಲ್ಲ. ಬೆಂಕಿ ಹತ್ತಿಸಲು ಒಂದು ಚೂರು ಪ್ಲಾಸ್ಟಿಕ್ಕು ತಾನೆ ಎನ್ನುವವರುಂಟು. ಅದರ ಬದಲು ತೆಂಗಿನ ಗರಿಯ ಒಣ ಎಲೆ ಎರಡು ಹಿಡಿ ಸಾಕು.

ತೆಗೆದ ಬೂದಿಯಲ್ಲಿ ಕೆಂಡ ಮರುದಿನದವರೆಗೂ ಅಡಗಿರಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒಂದು ದಿನ ಇಟ್ಟು, ತಣ್ಣಗಾದ ಮೇಲೆ ಪಾತ್ರೆ ಬೆಳಗುವುದಕ್ಕೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಹಾಕಿ.